ಚಿಲಕ ನೋಡುತ್ತಿದ್ದ ಮೌನೇಶ್

ಮೌನೇಶ್ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅದನ್ನು ಬಿಟ್ಟು ಅವನ ಬಗ್ಗೆ ಬರೆದರೆ ಸುಳ್ಳು ಬರೆದಂತೆ.

ಅವನು ಅರಕೆರೆಯ ಬಡಗಿ ಕೃಷ್ಣಮೂರ್ತಿಯವರ ಮಗ. ಪಿಯುಸಿಗೆ ಓದು ಬಿಟ್ಟು ಹತ್ತು ವರ್ಷ ಅಪ್ಪನ ಜೊತೆ ಬಾಗಿಲು ಕಿಟಕಿ ಮಾಡಿಕೊಂಡಿದ್ದವನು. ನಾನು ಎಂ.ಎಸ್.ಡಬ್ಲ್ಯು. ಓದಿದವನು. ಇಬ್ಬರೂ ಪಾಂಡವಪುರದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆವು. ಸಂಸ್ಥೆ ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿಸಿತ್ತು. ಕಟ್ಟಿಸಿದ್ದನ್ನು ಜನ ಬಳಸುತ್ತಿದ್ದಾರೆಯೇ ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ಆ ವರ್ಷದ ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬನನ್ನು ಮೌಲ್ಯಮಾಪನ ತಂಡದ ಮುಖ್ಯಸ್ಥನನ್ನಾಗಿ ಮಾಡುವುದಿತ್ತು. ಅದು ನನಗೇ ಎಂದು ಹೆಂಡತಿಗೂ ಹೇಳಿಬಿಟ್ಟಿದ್ದೆ.

ನನ್ನ ಪ್ರಶ್ನಾವಳಿಯಲ್ಲಿ ಇಪ್ಪತ್ತಾರು ಪ್ರಶ್ನೆಗಳಿದ್ದವು. ಚಿನಕುರಳಿಯಲ್ಲಿ ನೂರು ಮನೆಗಳಲ್ಲಿ ಕೇಳಿದೆ; ತೊಂಬತ್ತನಾಲ್ಕು ಮನೆಯವರು ಬಳಸುತ್ತೇವೆ ಎಂದರು. ಅದೇ ನೂರು ಮನೆಗೆ ಮೌನೇಶ್ ಹೋದ. ಏನೂ ಕೇಳಲಿಲ್ಲ. ನೀರು ಇಸಿದುಕೊಂಡು ಕುಡಿದು, ಹಿತ್ತಿಲಿಗೆ ಹೋಗಿ, ಶೌಚಾಲಯದ ಬಾಗಿಲು ತೆಗೆಯುವುದು ಮರ್ಯಾದೆಯಲ್ಲ ಎಂದು ಹೊರಗಿನ ಚಿಲಕವನ್ನಷ್ಟೇ ನೋಡಿಕೊಂಡು ಬಂದ. ದಿನಾ ಕೈ ಬೀಳುವ ಚಿಲಕ ಹೊಳೆಯುತ್ತದೆ, ಬೀಳದ್ದು ತುಕ್ಕು ಹಿಡಿಯುತ್ತದೆ. ಅವನ ಲೆಕ್ಕ ಐವತ್ತೊಂದು.

ಸಂಸ್ಥೆಯ ನಿರ್ದೇಶಕಿ ಜಯಲಕ್ಷ್ಮಮ್ಮನವರು ಸಭೆಯಲ್ಲಿ ಅವನ ಹಾಳೆಯನ್ನೇ ಕೈಗೆತ್ತಿಕೊಂಡರು. ನನ್ನ ಇಪ್ಪತ್ತಾರು ಪ್ರಶ್ನೆಗಳ ಮೇಲೆ ಟೀ ಲೋಟ ಕೂತಿತ್ತು.

ಮುಂದಿನ ಭಾನುವಾರ ಯಾರಿಗೂ ಹೇಳದೆ ಬೈಕಿನಲ್ಲಿ ಚಿನಕುರಳಿಗೆ ಹೋದೆ, ಅವನ ಐವತ್ತೊಂದರಲ್ಲಿ ಒಂದಾದರೂ ತಪ್ಪು ಸಿಗಲಿ ಎಂದು. ಹನ್ನೊಂದನೆಯ ಮನೆ ಅಣ್ಣಮ್ಮನದು. ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ಚಿಲಕ ಥಳಥಳ ಹೊಳೆಯುತ್ತಿತ್ತು. ಬಾಗಿಲು ತೆಗೆಸಿದೆ. ಒಳಗೆ ಮೂರು ಮೂಟೆ ಬೂಸ.

“ಇದೇನಮ್ಮ?”

“ಮಳೇಲಿ ನೆಂದೋಯ್ತದೆ ಅಂತ ಮಡಗಿವ್ನಿ ಕಣಪ್ಪ. ಎಲ್ಡೊತ್ತೂ ತಗೀಬೇಕಲ್ಲ.”

“ದಿನಾ ಬಳಸ್ತೀವಿ ಅಂದಿದ್ರಿ?”

“ಬಳಸ್ತಾನೇ ಇವ್ನಿ ಕಣಪ್ಪ, ಸುಮ್ಕೆ ಬುಟ್ಟಿದ್ದೀನಾ?”

ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಸೋಮವಾರ ಸಭೆಯಲ್ಲಿ ಎಲ್ಲರೆದುರು ಹೇಳಿ, ಮೂಟೆಗಳ ಫೋಟೋ ತೋರಿಸಿದೆ.

ಮೌನೇಶ್ ಫೋಟೋ ದೊಡ್ಡದು ಮಾಡಿ ನೋಡಿದ. ತೊಡೆ ತಟ್ಟಿ ನಕ್ಕ.

“ಥೂ, ಬಡಗಿ ಮಗ ಆಗಿ ಇಂಗ್ ಮಾಡ್ಬುಟ್ನಲ್ಲ! ಒರಗಿನ ಚಿಲಕ ಯಾವ್ದಕ್ ಬೇಕಾದ್ರೂ ತಗೀತಾರೆ. ಕುಂತ್ಕೊಳೋನು ಒಳಗಿನ ಚಿಲಕ ಆಕ್ಕೋತಾನೆ. ಬೂಸ ಆಕ್ಕೊಂಡದಾ?”

ಒಂದೇ ವಾರದಲ್ಲಿ ನೂರು ಮನೆಯನ್ನೂ ಮತ್ತೆ ನೋಡಿದ, ಈ ಸಲ ಕೇಳಿಕೊಂಡು ಬಾಗಿಲು ತೆಗೆಸಿ. ಒಳಚಿಲಕದ ಲೆಕ್ಕ ಮೂವತ್ತೆಂಟು. ‘ತಪ್ಪನ್ನು ಕಂಡುಹಿಡಿದವರು ಶಿವಶಂಕರ್’ ಎಂದು ನನ್ನ ಹೆಸರನ್ನೇ ವರದಿಯಲ್ಲಿ ಬರೆದ. ಮುಖ್ಯಸ್ಥನ ಜಾಗ ಅವನಿಗೇ ಹೋಯಿತು. ಅವನು ಹಾಕಿದ್ದು ಒಂದೇ ಷರತ್ತು: ನಾನು ಅವನ ಜೊತೆಗಿರಬೇಕು.

ಕರಿಘಟ್ಟದ ಹತ್ತಿರ ಟೀ ಅಂಗಡಿಯಲ್ಲಿ ಕೇಳಿಯೇಬಿಟ್ಟೆ. “ನನ್ನ ಜೊತೇಲಿ ಇಟ್ಕೊಂಡಿರೋದು ಅಯ್ಯೋ ಪಾಪ ಅಂತಾನಾ?”

“ಅಲ್ಲ ಕಣ್ಲಾ. ಭಾನ್ವಾರ ರಜ ಬುಟ್ಟು ನನ್ ಲೆಕ್ಕವ ಯಾವನ್ಲಾ ಓಗಿ ನೋಡ್ತಾನೆ? ಈ ಕೆಲ್ಸಕ್ಕೆ ಒಟ್ಟೆಕಿಚ್ಚಿರೋನೇ ಬೇಕು.”

ಅವನಿಗೆ ಗೊತ್ತಿತ್ತು. ಅವನು ಇನ್ನೊಂದು ಟೀ ಹೇಳಿದ.

ಐದು ವರ್ಷ ಹಾಗೇ ನಡೆಯಿತು. ಕೆ.ಆರ್.ಪೇಟೆಯ ಚೆಕ್ ಡ್ಯಾಮುಗಳು, ನಾಗಮಂಗಲದ ಕುಡಿಯುವ ನೀರಿನ ಘಟಕಗಳು. ಅವನು ನೋಡಿ ಬಂದಲ್ಲಿಗೆ ನಾನು ತಪ್ಪು ಹುಡುಕಲು ಹೋಗುತ್ತಿದ್ದೆ. ಸಿಕ್ಕಿದ್ದು ಏಳೇ ಏಳು.

ಆಷಾಢದ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಮೇಲೇಳಲಿಲ್ಲ. ತಿಥಿಗೆ ಅಣ್ಣಮ್ಮ ಎರಡು ಬಸ್ಸು ಬದಲಾಯಿಸಿ ಅರಕೆರೆಗೆ ಬಂದಿದ್ದಳು. ನಾನು ಸತ್ತರೆ ಇಷ್ಟು ದೂರ ಯಾರು ಬರುತ್ತಾರೆ ಎಂದು ಅಳುತ್ತಲೇ ಯೋಚಿಸಿದೆ.

ಈಗ ಮುಖ್ಯಸ್ಥ ನಾನು. ಕಳೆದ ವಾರ ಮೊದಲ ವರದಿ ಕೊಟ್ಟೆ. ಅದನ್ನು ಮರುತಪಾಸಣೆ ಮಾಡಲು ಹೊಸದಾಗಿ ಸೇರಿದ ಪವಿತ್ರಳನ್ನು ಕಳಿಸಿದ್ದೆ. ಮಧ್ಯಾಹ್ನಕ್ಕೇ ವಾಪಸು ಬಂದಳು.

“ಎಲ್ಲಾ ಸರ್ಯಾಗದೆ ಸಾರ್. ಒಂದೂ ತಪ್ಪಿಲ್ಲ.”

“ಎಷ್ಟು ಮನೆ ನೋಡ್ದೆಯಮ್ಮ?”

“ನೀವೇ ನೋಡಿರೋದಲ್ವಾ ಸಾರ್” ಎಂದಳು.

ಜಯಲಕ್ಷ್ಮಮ್ಮನವರ ಮೇಜಿನಿಂದ, ಯಾರೂ ತಪ್ಪು ಹುಡುಕದ ಆ ವರದಿಯನ್ನು ವಾಪಸು ತಂದಿದ್ದೇನೆ.