ಗಂಡನ ಹೆಸರು ಹೇಳದಾಕಿ

ಹೋದ ವರ್ಷ ಹೋಳಿ ಹುಣ್ಣಿಮಿ ಮುಗಿದ ವಾರದಾಗಿನ ಮಾತು ಇದು. ನಾನು ಕಲಬುರಗಿಯ ನಂದೂರದಾಗ ಇರ್ತೀನಿ. ಮೂವತ್ತು ವರ್ಷ ದಾಲ್ ಮಿಲ್ಲಿನಾಗ ತೊಗರಿಬ್ಯಾಳಿ ಆರಿಸಿದಾಕಿ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮ್ಯಾಲ, ರಾತ್ರಿ ಸಾಲ್ಯಾಗ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದ್ರಿ.

ನನ್ನ ಮನಿ ಹಿಂದ ಎರಡು ತಗಡಿನ ಖೋಲಿ ಅವ, ಬಾಡಿಗಿಗಿ ಕೊಡ್ತೀನಿ. ಮೊದಲು ಅಫಜಲಪುರ, ಚಿತ್ತಾಪುರ ಕಡೆಯ ಮಂದಿ ಬರ್ತಿದ್ದರು. ಈಗ ಬರೋರು ಬಿಹಾರ, ಒಡಿಶಾ, ಬಂಗಾಳದವರು. ನಮ್ಮ ಮಂದಿ ಕೆಲಸಕ್ಕ ಪುಣೆ, ಮುಂಬಯಿಗಿ ಹೋಗ್ತಾರ, ನಮ್ಮಲ್ಲಿ ಚೀಲ ಹೊರಲಿಕ್ಕ ಬಂಗಾಳದವರು ಬರ್ತಾರ. ಹಂಗಾದ್ರ ಬಂಗಾಳಕ್ಕ ಚೀಲ ಹೊರಲಿಕ್ಕ ಯಾರು ಹೋಗ್ತಾರೋ ಅಂತ ನಾ ಬಹಳ ಸಲ ವಿಚಾರ ಮಾಡೀನಿ. ಕೇಳಿದ್ರ ಎಲ್ಲರೂ ನಗ್ತಾರ, ಒಬ್ಬರೂ ಹೇಳಂಗಿಲ್ಲ.

ಆ ವರ್ಷ ಒಂದು ಖೋಲಿಯೊಳಗ ಶೆಫಾಲಿ ಅಂತ ಒಬ್ಬಾಕಿ, ಆಕಿ ಗಂಡ ಇದ್ದರು. ಬಂಗಾಳದ ಕೂಚ್ ಬಿಹಾರ ಕಡೆಯವರು. ಆಕಿಗಿ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಮುಂಜಾನೆ ಎದ್ದರ ಅನ್ನ, ಮಧ್ಯಾಹ್ನ ಅನ್ನ, ಸಂಜಿಗೂ ಅನ್ನ. ಜ್ವಾಳದ ರೊಟ್ಟಿ ಕೊಟ್ಟರ ಹಪ್ಪಳ ತಿಂದಂಗ ಮುರಕೊಂಡು ತಿಂತಿದ್ದಳು. ನನಗ ಮಾಸಿ, ಅಂದ್ರ ಚಿಗವ್ವ, ಅಂತಿದ್ದಳು. ನಾವು ಮಾತಾಡೋದು ಅರ್ಧ ಹಿಂದಿ, ಅರ್ಧ ಕೈ ಸನ್ನಿ.

ಆ ದಿನಗಳಾಗ ಟೀವಿ, ಮೊಬೈಲ್ ತುಂಬ ಬಾಂಗ್ಲಾದವರು ನುಗ್ಯಾರ ಅಂತ ಸುದ್ದಿ. ಓಣಿ ಮಂದಿ ಗುಸುಗುಸು ಸುರು ಮಾಡಿದ್ದರು. ಮಗ್ಗಲ ಮನಿ ಶರಣಮ್ಮ ಅಂತೂ ಶೆಫಾಲಿ ಒಣ ಹಾಕಿದ ಸೀರಿ ನೋಡಿ ಸುದ್ದಾ ಇದು ಬಾಂಗ್ಲಾ ಸೀರಿ ಅಂದಾಕಿ. ನಾನು ಶಾಣ್ಯಾಕಿ ಇದ್ದೆ ಅಂತ ಹೇಳಂಗಿಲ್ಲ. ನನಗೂ ಒಳಗ ಸಂಶಯ ಇತ್ತು.

ಒಂದು ಮುಂಜಾನೆ ಪೊಲೀಸಪ್ಪ ಒಬ್ಬ ಬಂದ. ಸಣ್ಣ ವಯಸ್ಸಿನವ, ನಮ್ಮ ಕಡೆಯವನೇ. ಹೊರಗಿನವರು ಯಾರ್ಯಾರ ಮನಿಯಾಗ ಬಾಡಿಗಿ ಇದ್ದಾರ ಅಂತ ಫಾರಂ ತುಂಬಲಿಕ್ಕ ಬಂದಿದ್ದ. ಶೆಫಾಲಿ ಗಂಡ ಮನಿಯಾಗ ಇರಲಿಲ್ಲ. ನಾಲ್ಕು ದಿನದ ಹಿಂದ ಗುತ್ತೇದಾರ ಅವನನ್ನ ಕಮಲಾಪುರಕ್ಕ ಗೋದಾಮು ಕಟ್ಟೋ ಕೆಲಸಕ್ಕ ಕರಕೊಂಡು ಹೋಗಿದ್ದ. ಅಲ್ಲಿ ತೋರಿಸಬೇಕು ಅಂತ ಇಬ್ಬರ ಆಧಾರ ಕಾರ್ಡೂ ಅವನ ಚೀಲದಾಗೇ ಹೋಗಿದ್ದವು. ಫೋನ್ ಹಚ್ಚಿದ್ರ ಬಂದ್ ಅಂತ ಬಂತು.

ಪೊಲೀಸಪ್ಪ ಶೆಫಾಲಿಗೆ ನಿನ್ನ ಹೆಸರೇನು ಅಂದ, ಹೇಳಿದಳು. ಊರು ಅಂದ, ಹೇಳಿದಳು. ಗಂಡನ ಹೆಸರು ಅಂದ. ನೆಲ ನೋಡಿದಳು. ಮತ್ತೊಮ್ಮೆ ಕೇಳಿದ. ಸೆರಗು ಹಿಡಕೊಂಡು ಸುಮ್ಮನ ನಿಂತಳು. ಮೂರನೇ ಸಲ ಜೋರಾಗಿ ಕೇಳಿದ, ಕಣ್ಣಾಗ ನೀರು ತಂದಳೇ ಹೊರತು ಬಾಯಿ ಬಿಡಲಿಲ್ಲ.

"ಗಂಡನ ಹೆಸರಿಗಿ ಇಷ್ಟು ಹೊತ್ತು ಬೇಕೇನು? ಹೊಸಾ ಹೆಸರು ಹುಡುಕಾಕತ್ತಾಳ ನೋಡ್ರಿ," ಅಂದಳು ಶರಣಮ್ಮ.

ನಾನೂ ಸುಮ್ಮನಿರಲಿಲ್ಲ. "ಏನೋ ಮುಚ್ಚಿಡ್ತಾಳ ತಮ್ಮಾ. ನನಗೂ ಸಂಶಯ ಅದ," ಅಂದುಬಿಟ್ಟೆ. ಈ ಮಾತು ಅಂದಾಕಿ ನಾನೇ. ಅದನ್ನ ಬಿಟ್ಟು ಬರೆದರ ಈ ಕಥಿ ಸುಳ್ಳಾಗ್ತದ.

ಆಮ್ಯಾಲ ಪೊಲೀಸಪ್ಪ ಮನಿ ಮಾಲಕರ ಹೆಸರು ಬರೆಯೋ ಹಾಳಿ ತೆಗೆದ. ನನ್ನ ಹೆಸರು ಕೇಳಿದ, ಹೇಳಿದೆ. ಗಂಡನ ಹೆಸರು ಅಂದ. ನಾನು ಶರಣಮ್ಮನ ಮುಖ ನೋಡಿದೆ. ಶರಣಮ್ಮ ಹೇಳಿದಳು, ಅವ ಬರಕೊಂಡ. ಒಂದು ಕ್ಷಣದ ಕೆಲಸ. ಅವನ ಪೆನ್ನು ಮುಂದಿನ ಸಾಲಿಗಿ ಹೋದಾಗ ಶೆಫಾಲಿ ನನ್ನನ್ನೇ ನೋಡಾಕತ್ತಿದ್ದಳು. ಅಳೋದು ನಿಲ್ಲಿಸಿ ನೋಡಾಕತ್ತಿದ್ದಳು.

ಆವಾಗ ನನಗ ತಲಿಯಾಗ ಹೊಳೀತು. ನಿಮ್ಮ ಕಡೆನೂ ಗಂಡನ ಹೆಸರು ಹೇಳಂಗಿಲ್ಲೇನು ಅಂತ ಕೇಳಿದೆ. ಆಕಿ ಸೆರಗು ಬಾಯಿಗಿ ಹಿಡಕೊಂಡು, ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತದ ಮಾಸಿ, ಅಂದಳು. ನಮ್ಮವ್ವ ನನಗ ಹೇಳಿದ ಮಾತು, ಒಂದು ಅಕ್ಷರ ಫರಕ್ ಇಲ್ಲ. ನನ್ನ ಗಂಡ ಸತ್ತು ಹನ್ನೊಂದು ವರ್ಷ ಆತು. ಕಡಿಮಿ ಆಗಲಿಕ್ಕ ಆಯುಷ್ಯನೇ ಉಳಿದಿಲ್ಲ. ಆದ್ರೂ ನಾಲಿಗಿ ಏಳಂಗಿಲ್ಲ. ಇಲ್ಲಿ ಸುದ್ದಾ ಆ ಹೆಸರು ಬರೆಯಂಗಿಲ್ಲ.

ಪೊಲೀಸಪ್ಪಗ ಇದನ್ನ ಹೇಳಿದ್ರ, ಅದೆಲ್ಲ ತನಗ ಬ್ಯಾಡ ಅಂದ. ಸಂಜಿ ಐದು ಗಂಟೆ ಒಳಗ ಗಂಡ, ಕಾರ್ಡು ಎರಡೂ ಠಾಣಾಕ್ಕ ಬರಬೇಕು, ಇಲ್ಲಾಂದ್ರ ಆಕಿನ್ನ ಕರಕೊಂಡು ಹೋಗ್ತೀವಿ ಅಂದ. ಇಂಥವರನ್ನ ಹಿಡಿದು ಎಲ್ಲೋ ದೂರ ಗಡಿಗಿ ಸಾಗಿಸ್ತಾರ ಅಂತ ಓಣಿಯಾಗ ಮಾತು ಇತ್ತು. ಶೆಫಾಲಿಗೂ ಅದು ಗೊತ್ತಿತ್ತು.

ಕಮಲಾಪುರ ನನ್ನ ತವರೂರು. ನಡಿ ಅಂದೆ. ಆಕಿ ಮ್ಯಾಲ ಪೂರಾ ನಂಬಿಕಿ ಬಂದಿತ್ತು ಅಂತ ಅಲ್ಲ. ಖರೇನೋ ಸುಳ್ಳೋ ಕಣ್ಣಾರೆ ನೋಡೇಬಿಡಣ ಅಂತ.

ಹುಮನಾಬಾದ ಕಡಿ ಹೋಗೋ ಬಸ್ ಹತ್ತಿದಿವಿ. ನಿಮ್ಮೂರು ಹೆಂಗ ಅದ ಅಂತ ಕೇಳಿದೆ. ಊರ ಹಿಂದ ತಂತಿ ಬೇಲಿ ಅದ, ಬೇಲಿ ಆಚಿ ಬಾಂಗ್ಲಾ ಅಂದಳು. ಅಜ್ಜನ ಒಂದು ತುಂಡು ಹೊಲ ಬೇಲಿ ಆಚಿ ಉಳಿದದಂತ, ಗೇಟು ತೆಗೆದಾಗ ಹೋಗಿ ನಾಟಿ ಮಾಡಿ ಬರ್ತಾರಂತ. ಬೇಲಿ ಆಚಿ ಇದ್ರೂ ಆ ಹೊಲ ಹಿಂದುಸ್ತಾನದ್ದೇ ಅಂದಳು. ಅದು ಹೆಂಗ ಅಂತ ನಾಲ್ಕು ಸಲ ಕೇಳಿದೆ, ನಾಲ್ಕು ಸಲ ಹೇಳಿದಳು, ನನಗ ತಿಳೀಲಿಲ್ಲ. ನಾನೂ ಹೇಳಿದೆ. ನಮ್ಮವ್ವ ಮದುವಿ ಆಗಿ ಬಂದಾಗ ಇದು ನಿಜಾಮನ ರಾಜ್ಯ, ಆಮ್ಯಾಲ ಮೈಸೂರು, ಆಮ್ಯಾಲ ಕರ್ನಾಟಕ. ನಮ್ಮವ್ವ ಅದೇ ಒಲಿ ಮುಂದ ಕುಂತಿದ್ದಳು. ಶೆಫಾಲಿಗೂ ನನ್ನ ಮಾತು ತಿಳೀಲಿಲ್ಲ ಅಂತ ಕಾಣಿಸ್ತದ, ಹ್ಞೂಂ ಹ್ಞೂಂ ಅಂದಳು.

ಕಮಲಾಪುರದಾಗ ಇಳಿದು ಹಸಿವು ಅಂತ ಎರಡು ಕೆಂಪು ಬಾಳಿಹಣ್ಣು ತಗೊಂಡೆ. ಆಕಿ ಸಿಪ್ಪಿ ಮ್ಯಾಲ ಬಟ್ಟು ತಿಕ್ಕಿ ನೋಡಿದಳು, ಬಣ್ಣ ಬಿಡ್ತದೇನೋ ಅಂತ. ಅಷ್ಟು ಅಂಜಿಕಿಯಾಗೂ ನನಗ ನಗು ಬಂತು.

ಗೋದಾಮಿನ ಕೆಲಸ ಊರ ಹೊರಗ ನಡದಿತ್ತು. ಗೇಟಿನಾಗ ವಯಸ್ಸಾದ ಒಬ್ಬ ವಾಚಮನ್ ಕುಂತಿದ್ದ. ಈಕಿ ಗಂಡನ್ನ ಕರೀರಿ ಅಂದೆ.

"ಇಲ್ಲಿ ಹೊರಗಿನವರು ಮೂವತ್ತು ಮಂದಿ ಅದಾರ್ರೀ. ಹೆಸರು?"

ನನಗ ಗೊತ್ತಿರಲಿಲ್ಲ. ನಾಲ್ಕು ತಿಂಗಳು ನನ್ನ ಖೋಲಿಯಾಗ ಇದ್ದ ಮನಷ್ಯಾ. ದಿನಾ ಏ ಬಂಗಾಳಿ ಅಂತ ಕರದಾಕಿ ನಾನು, ಹೆಸರು ಕೇಳಿರಲಿಲ್ಲ. ಶೆಫಾಲಿ ಕಡಿ ನೋಡಿದೆ. ಆಕಿ ಮತ್ತ ನೆಲ ನೋಡಿದಳು. ಇಬ್ಬರು ಹೆಂಗಸರು ಮೂವತ್ತು ಮೈಲು ಬಂದು, ಯಾರನ್ನ ಹುಡುಕಾಕತ್ತೀವಿ ಅಂತ ಹೇಳಲಿಕ್ಕ ಬರದಂಗ ನಿಂತಿದ್ದಿವಿ.

ವಾಚಮನ್ ಆಕಿ ಮುಖ ನೋಡಿದ, ನನ್ನ ಮುಖ ನೋಡಿದ. ತಿಳೀತು ಅವಗ. ನಮ್ಮ ಮನಿಯಾಕಿನೂ ರೇಶನ್ ಅಂಗಡಿಯಾಗ ಹಿಂಗೇ ನಿಂದರ್ತಾಳ ಅಂತ ಹೇಳಿ, ರಿಜಿಸ್ಟರ್ ತೆಗೆದು ಒಂದೊಂದೇ ಹೆಸರು ಓದಲಿಕ್ಕ ಹತ್ತಿದ. ಬಾಬಲು. ಆಕಿ ಅಲುಗಲಿಲ್ಲ. ರತನ. ಅಲುಗಲಿಲ್ಲ. ಹತ್ತು ಹನ್ನೆರಡು ಹೆಸರು ಹೋದವು. ನಿತಾಯಿ ಅಂದಕೂಡಲೇ ಸೆರಗು ತಲಿ ಮ್ಯಾಲ ಎಳಕೊಂಡಳು.

"ಅವನೇ, ಕರೀರಿ," ಅಂದೆ.

ಸಿಮೆಂಟ್ ಮೆತ್ತಿದ ಮೈಲೇ ಓಡಿ ಬಂದ ನಿತಾಯಿ. ಗುತ್ತೇದಾರನ ಕೂಡ ನಾನೇ ಜಗಳಾಡಿ ಅವನ್ನ ಬಿಡಿಸಿಕೊಂಡೆ. ಠಾಣಾ ಮುಟ್ಟಿದಾಗ ಐದಕ್ಕ ಹತ್ತು ನಿಮಿಷ ಇತ್ತು. ಓಣಿಯಿಂದ ಶರಣಮ್ಮನೂ ಇನ್ನಿಬ್ಬರೂ ಬಂದು ನಿಂತಿದ್ದರು, ಏನಾಗ್ತದೋ ನೋಡಲಿಕ್ಕ.

ಕಾರ್ಡು ತಿರುಗಿಸಿ ಮುರುಗಿಸಿ ನೋಡಿದ ಪೊಲೀಸಪ್ಪ. ನಿಮ್ಮೂರಿಂದ ಬಾಂಗ್ಲಾ ಎಷ್ಟು ದೂರ ಅಂತ ನಿತಾಯಿಗೆ ಕೇಳಿದ. ನಡೆದರ ಅರ್ಧ ತಾಸು ಅಂದ ಅವ. ಯಾಕ ಖರೇ ಹೇಳಿದೋ ಮಾರಾಯಾ ಅಂತ ನನಗ ಅನಿಸಿತು.

ಇಬ್ಬರೂ ಗಂಡ ಹೆಂಡತಿ ಹೌದೋ ಅಲ್ಲೋ ತಿಳೀಬೇಕಾದ್ರ ಆಕಿ ಬಾಯಿಲೇ ಗಂಡನ ಹೆಸರು ಬರಬೇಕು, ಸಾಹೇಬರು ಹಂಗೇ ಹೇಳ್ಯಾರ ಅಂದ ಪೊಲೀಸಪ್ಪ. ಶೆಫಾಲಿ ಗಂಡನ ಮುಖ ನೋಡಿದಳು. ಹೇಳು ಅಂತ ಅವ ತಲಿ ಅಲ್ಲಾಡಿಸಿದ. ಆಕಿ ತುಟಿ ತೆಗೆದಳು, ಮತ್ತ ಮುಚ್ಚಿದಳು. ಗಂಡ ಎದುರಿಗಿ ಜೀವಂತ ನಿಂತಾನ. ಅವನ ಆಯುಷ್ಯ ತೆಗೆದು ಫಾರಮಿಗಿ ಹೆಂಗ ಕೊಡ್ತಾಳ?

ನನಗ ಸಿಟ್ಟು ಬಂತು. "ತಮ್ಮಾ, ಮುಂಜಾನೆ ನನ್ನ ಗಂಡನ ಹೆಸರು ಯಾರು ಹೇಳಿದ್ರು? ನನ್ನ ಬಾಯಿಲೇ ಬಂತೇನು? ನಾನೂ ಬಾಂಗ್ಲಾದಾಕಿ ಏನು?" ಅಂದೆ.

ಅವ ನಕ್ಕ. ಕೆಟ್ಟವ ಅಲ್ಲ ಅವ. "ಆಯಿ, ನಿನ್ನ ಮಗ್ಗಲಿಗಿ ಶರಣಮ್ಮ ಇದ್ದಳು, ಹೇಳಿದಳು. ಈಕಿ ಪರವಾಗಿ ಹೇಳೋರು ಇಲ್ಲಿ ಯಾರದಾರ?"

ಒಂದು ಗಳಿಗಿ ನಾನೂ ಹಿಂದಮುಂದ ನೋಡಿದೆ. ನಾಳೆ ಏನಾದ್ರೂ ಆದ್ರ ನನ್ನ ಕುತ್ತಿಗಿಗೇ ಬರ್ತದ ಅಂತ ಗೊತ್ತಿತ್ತು. ಆಮ್ಯಾಲ ಶೆಫಾಲಿ ಮಗ್ಗಲಿಗಿ ಹೋಗಿ ನಿಂತೆ.

"ನಾ ಇದ್ದೀನಿ. ಬರಕೋ, ನಿತಾಯಿ."

ಬರಕೊಂಡ. ಹೇಳಿದವರ ಸಹಿ ಅಂತ ನನ್ನ ಕಡಿ ಹಾಳಿ ತಳ್ಳಿದ. ಹೆಬ್ಬೆಟ್ಟಿನ ಶಾಯಿ ಡಬ್ಬಿನೂ ತಳ್ಳಿದ್ದ, ಅದನ್ನ ಅವನ ಕಡಿಗೇ ಸರಿಸಿ ಸಹಿ ಹಾಕಿದೆ. ಕಾರ್ಡಿನ ಝೆರಾಕ್ಸ್ ಇಟ್ಟುಕೊಂಡು, ಇದನ್ನ ನಿಮ್ಮ ಜಿಲ್ಲಾಕ್ಕ ತಪಾಸಿಗಿ ಕಳಿಸ್ತೀವಿ, ಅಲ್ಲೀತನಕ ಊರು ಬಿಡಬ್ಯಾಡ್ರಿ ಅಂತ ಹೇಳಿ ಮನಿಗಿ ಕಳಿಸಿದ. ಎರಡು ತಿಂಗಳ ಮ್ಯಾಲ ಎಲ್ಲಾ ಬರೋಬ್ಬರಿ ಅದ ಅಂತ ಸುದ್ದಿ ಬಂತು.

ಶೆಫಾಲಿ ಈಗೂ ನನ್ನ ಖೋಲಿಯಾಗೇ ಅದಾಳ. ಶರಣಮ್ಮ ಈಗೂ ಆಕಿಗಿ ಬಾಂಗ್ಲಾ ಅಂತಾಳ. ಆದ್ರ ಶೆಫಾಲಿ ಬಸರಾದಾಗ ಆಕಿ ಕುಬಸಕ್ಕ ಕರದ್ರ ಹೋಗಿ ಊಟಾ ಮಾಡಿ ಬಂದಳು.

ಮಂದಿ ನನಗ ದೊಡ್ಡ ಕೆಲಸ ಮಾಡಿದಿ ಅಂತಾರ. ನನಗ ಹಂಗ ಅನಸಂಗಿಲ್ಲ. ಒಂದು ಮಾತು ಮಾತ್ರ ಈಗೂ ಕೊರೀತದ. ಆಕಿ ನನ್ನಂಗೇ ಗಂಡನ ಹೆಸರು ಹೇಳದಾಕಿ, ಅದಕ್ಕ ನನಗ ತಿಳೀತು, ನಂಬಿದೆ. ಆಕಿ ನನ್ನಂಗ ಇರದೇ ಇದ್ದಿದ್ರ, ಗಂಡನ ಹೆಸರು ಪಟ್ಟನೆ ಹೇಳಿ, ಬ್ಯಾರೆ ಏನೋ ನನಗ ತಿಳೀಲಾರದ್ದಕ್ಕ ಸುಮ್ಮನ ನಿಂತಿದ್ದರ, ನಾ ಕಮಲಾಪುರದ ಬಸ್ ಹತ್ತತಿದ್ದೆನೇನು? ಹತ್ತತಿರಲಿಲ್ಲ ಅಂತಲೇ ಕಾಣಿಸ್ತದ. ಅದಕ್ಕ ಈಗ ಹೊಸಬರು ಯಾರೇ ಬಾಡಿಗಿಗಿ ಬಂದ್ರೂ ನಾ ಮೊದಲು ಹೆಸರು ಕೇಳಿಕೊಳ್ತೀನಿ, ಹೆಂಡತಿದೂ ಗಂಡಂದೂ, ಅವರವರ ಬಾಯಿಲೇ. ಯಾರು ಯಾವಾಗ ಬಂದು ಕೇಳ್ತಾರೋ, ಹೇಳಲಿಕ್ಕ ಒಬ್ಬರಿಗಾದ್ರೂ ಗೊತ್ತಿರಬೇಕಲ್ಲ.