ಮೂವತ್ತೊಂದರ ನಂತರ ಇಪ್ಪತ್ತೊಂಬತ್ತು

ಡಿಬೇಟಿನಲ್ಲಿ ನಾನು ಸೋತದ್ದು ಕಡಿಮೆ. ಕೆಲಸ ಬಿಟ್ಟು ಎಂ.ಸಿ.ಎ. ಸೇರು ಎಂದು ಗಲಗಲಿಯ ಅಕ್ಕನನ್ನು ಒಪ್ಪಿಸಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಕ್ಕ ಎಂದರೆ ದೊಡ್ಡವ್ವನ ಮಗಳು, ಬೀಳಗಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಾನು ಬಿ.ಕಾಂ. ಮುಗಿಸಿ ಜಮಖಂಡಿಯಲ್ಲಿ ಎಂ.ಸಿ.ಎ. ಸೇರಿದವನು, ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಯಾವ ಪದವಿ ಇದ್ದರೂ ನಡೆಯುತ್ತದೆ, ಗೊತ್ತಿಲ್ಲದ್ದನ್ನು ತುಂಬಿಕೊಡಲು ಬ್ರಿಡ್ಜ್ ಕೋರ್ಸ್ ಇದೆ, ಎರಡೇ ವರ್ಷಕ್ಕೆ ನೀನೂ ಕಂಪ್ಯೂಟರಿನವಳು ಎಂದು ವಾದಿಸಿದ್ದೆ. ಆ ಬ್ರಿಡ್ಜ್ ಕೋರ್ಸ್ ಆರು ಶನಿವಾರಗಳದ್ದು, ಅದರಲ್ಲಿ ಎರಡು ರಜೆಗೆ ಹೋದವು ಎಂದು ಹೇಳಲಿಲ್ಲ. ಎದುರಿನವರು ಕೇಳದ ಪ್ರಶ್ನೆಗೆ ಉತ್ತರಿಸಬಾರದೆಂದು ಕಲಿತವನು ನಾನು.

ಒಂದು ಭಾನುವಾರ ಗಲಗಲಿಗೆ ಹೋದಾಗ ಅಕ್ಕ ರಾಜೀನಾಮೆ ಪತ್ರ ಬರೆದಿಟ್ಟಿದ್ದಳು. ಮರುದಿನ ಹೆಡ್‌ಮಾಸ್ತರರ ಕೈಗೆ ಕೊಡುವುದಿತ್ತು. ಕೊಟ್ಟರೆ ಮುಗಿಯಿತು, ಆ ಜಾಗಕ್ಕೆ ಇಬ್ಬರು ಕಾಯುತ್ತಿದ್ದರು. ಚಹಾ ಕುಡಿಯುತ್ತ ನನ್ನ ಜರ್ನಲ್ ತಿರುವಿದಳು. ಜರ್ನಲ್ ಅಂದರೆ ಪ್ರಾಕ್ಟಿಕಲ್ ವಹಿ: ಬಲ ಪುಟದಲ್ಲಿ ಪೆನ್ನಿನಿಂದ ಪ್ರೋಗ್ರಾಮ್, ಎಡ ಪುಟದಲ್ಲಿ ಪೆನ್ಸಿಲ್ಲಿನಿಂದ ಅದರ ಔಟ್‌ಪುಟ್.

"ಲೇ ತಮ್ಮಾ, ಇದೇನು ಬರದೀ?"

"ಅಂಕಿಗೋಳನ್ನ ಸಣ್ಣದರಿಂದ ದೊಡ್ಡದಕ್ಕ ಜೋಡ್ಸೂ ಪ್ರೋಗ್ರಾಮ್ ಬೇ ಅಕ್ಕಾ."

"ಮತ್ತ ಮೂವತ್ತೊಂದು ಆದಮ್ಯಾಗ ಇಪ್ಪತ್ತೊಂಬತ್ತು ಹೆಂಗ ಬಂತು? ನಮ್ಮ ಐದನೇತ್ತಿ ಹುಡುಗ್ರೂ ನಗ್ತಾವ."

ನೋಡಿದೆ. ಹನ್ನೆರಡು, ಹದಿನೇಳು, ಮೂವತ್ತೊಂದು, ಇಪ್ಪತ್ತೊಂಬತ್ತು, ನಲವತ್ನಾಲ್ಕು. ಕೆಳಗೆ ನಮ್ಮ ಸರ್ ಹಾಕಿದ ಟಿಕ್ಕು, ಸಹಿ. ಕೈತಪ್ಪು ಎಂದೆ. ಎಂದವನೇ ಮೊಬೈಲಿನಲ್ಲಿದ್ದ ಸೀನಿಯರ್ ಒಬ್ಬನ ಜರ್ನಲ್ಲಿನ ಫೋಟೋ ತೆಗೆದೆ. ಕ್ಲಾಸಿಗೆ ಕ್ಲಾಸೇ ಅದನ್ನು ನೋಡಿ ಬರೆದಿತ್ತು. ಅಲ್ಲಿಯೂ ಮೂವತ್ತೊಂದರ ನಂತರ ಇಪ್ಪತ್ತೊಂಬತ್ತು. ಅಲ್ಲಿಯೂ ಟಿಕ್ಕು! ಎಡ ಪುಟವನ್ನು ಕಂಪ್ಯೂಟರ್ ನೋಡಿ ಬರೆಯಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿಯೇ ಇರಲಿಲ್ಲ.

"ಔಟ್‌ಪುಟ್ ಅಷ್ಟ ತಪ್ಪೈತಿ, ಪ್ರೋಗ್ರಾಮ್ ಖರೆ ಐತಿ. ಮುಖ್ಯ ಏನಪಾ ಅಂದ್ರ..."

"ಭಾಷಣ ಸಾಕು. ವಹಿ ಮುಚ್ಚು. ಲ್ಯಾಪ್‌ಟಾಪಿನ್ಯಾಗ ಬರದು ತೋರ್ಸು."

ಮೊದಲ ಎರಡು ಸಾಲು ಬಂದವು. ಅವು ಎಲ್ಲ ಪ್ರೋಗ್ರಾಮಿಗೂ ಒಂದೇ. ಮೂರನೆಯದು ಬರಲಿಲ್ಲ. ಒಂದು ವರ್ಷ ಓದಿದ್ದೆ, ಎಂಬತ್ತರ ಮೇಲೆ ಅಂಕ ಪಡೆದಿದ್ದೆ, ಮೂರನೆಯ ಸಾಲು ಬರಲಿಲ್ಲ. ಅಕ್ಕ ನಗಲಿಲ್ಲ. ಶಾಲೆಯ ಅಭ್ಯಾಸ, ಕೆಂಪು ಪೆನ್ನು ತೆಗೆದು ಇಪ್ಪತ್ತೊಂಬತ್ತಕ್ಕೆ ಒಂದು ಸುತ್ತು ಹಾಕಿದಳು.

"ನಾಳೆ ನಿಮ್ಮ ಸರ್‌ಗೆ ತೋರ್ಸು. ಅವರು ಏನಂತಾರ ಕೇಳಿ ಹೇಳು. ಊಟದ ಸುಟ್ಟಿತನಕ ಪತ್ರ ನನ್ನ ಕಡೆನ ಇರ್ತೈತಿ."

ಮರುದಿನ ಲ್ಯಾಬಿನಲ್ಲಿ ಸರ್ ಮುಂದೆ ಆ ಪುಟ ತೆರೆದಿಟ್ಟೆ.

"ಇದನ್ನ ಯಾರೋ ಕೆಂಪು ಮಾಡಿದ್ದು?"

"ಉತ್ತರ ತಪ್ಪೈತ್ರಿ ಸರ್."

"ಉತ್ತರ ಯಾರು ಓದ್ತಾರೋ? ಪರೀಕ್ಷಾ ತಗೊಳ್ಳಾಕ ಬಂದವರಿಗೆ ಕೆಂಪು ಗೆರಿ ಮೊದಲ ಕಾಣ್ತೈತಿ. ಮ್ಯಾಲ ಒಂದು ಹಾಳಿ ಅಂಟಿಸಿ ಮತ್ತ ಹಂಗ ಬರಿ."

"ಹಂಗ ಅಂದ್ರ ಹೆಂಗ್ರಿ?"

"ಎಲ್ಲಾರದ್ದೂ ಇದ್ದಂಗ."

ಚಾಷ್ಟಿ, ತಮಾಷೆ ಇರಬೇಕು ಅಂದುಕೊಂಡು ಮುಖ ನೋಡಿದೆ. ಚಾಷ್ಟಿ ಆಗಿರಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ ಅವರು. ನಮ್ಮ ಹಾಗೇ ಬೇರೆ ಪದವಿಯಿಂದ ಬಂದು ಇದನ್ನೇ ಓದಿ, ಇಲ್ಲಿಯೇ ಕಲಿಸಲು ನಿಂತವರು. ಆ ಮೊದಲ ಇಪ್ಪತ್ತೊಂಬತ್ತು ಯಾರ ಜರ್ನಲ್ಲಿನದು ಎಂದು ಕೇಳಬೇಕೆಂದಿದ್ದೆ. ಕೇಳದೆ ಜರ್ನಲ್ ಮುಚ್ಚಿ ಎತ್ತಿಕೊಂಡೆ.

ಊಟದ ಬಿಡುವಿಗೆ ಮೊದಲೇ ಅಕ್ಕನಿಗೆ ಫೋನು ಮಾಡಿದೆ. ವಾದಿಸಲಿಲ್ಲ. ಸರ್ ಅಂದದ್ದನ್ನು ಅವರ ಮಾತಿನಲ್ಲೇ ಹೇಳಿದೆ. ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು.

"ಪತ್ರ?" ಎಂದೆ.

"ಹಿಂದಿನ ಮಗ್ಗಲ ಖಾಲಿ ಐತಿ. ಈಗ ಹುಡುಗ್ರಿಗೆ ಲೆಕ್ಕ ಬರಿಯಾಕತ್ತೇನಿ. ನೀ ಏನ್ ಮಾಡಾಕತ್ತೀ, ಹಾಳಿ ಅಂಟಸಾಕತ್ತೀ?"

"ಇಲ್ಲ ಬೇ. ಲ್ಯಾಬಿನ್ಯಾಗ ಕುಂತೇನಿ. ಮೂರನೇ ಸಾಲು ಹುಡುಕಾಕತ್ತೇನಿ."