ಮಂಜಿನಲ್ಲಿ ಅತ್ತೆಗೆ ಹೇಳಿದ ಮಾತು

ನನ್ನ ಮದುವೆಯಾದ ವರ್ಷದ ಚಳಿಗಾಲ. ನಾನು ಮಂಡ್ಯ ಕಡೆಯವಳು, ಸೇರಿದ್ದು ಗೌರಿಬಿದನೂರಿನ ಮನೆ. ಅಲ್ಲಿ ಎಲ್ಲರಿಗೂ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಮನೆಯೊಳಗಿನ ಮಾತು ತೆಲುಗು. ನನಗೋ ತೆಲುಗಿನ ಗಂಧಗಾಳಿಯೂ ಇರಲಿಲ್ಲ.

ನಮ್ಮ ಯಜಮಾನರು ಹತ್ತಿರದ ಕಾಯ್ದಿಟ್ಟ ಅರಣ್ಯದ ಬೆಟ್ಟಕ್ಕೆ ನಮ್ಮಿಬ್ಬರಿಗೂ ಚಾರಣದ ಟಿಕೆಟ್ ಬುಕ್ ಮಾಡಿದ್ದರು. ಹಿಂದಿನ ದಿನ ಆಫೀಸಿನಿಂದ ರಜೆ ಇಲ್ಲವೆಂದು ಫೋನ್ ಬಂತು. ನನ್ನ ಸಪ್ಪೆ ಮೋರೆ ನೋಡಿ ಅತ್ತೆ, “ನಾನು ಬರ್ತೀನಿ ಬಾಮ್ಮ. ಚಿಕ್ಕವಳಿದ್ದಾಗ ಸೀತಾಫಲ ಕೀಳೋಕೆ ಹತ್ತುತಾ ಇದ್ದ ಬೆಟ್ಟ ಅದು. ಈಗ ಅದಕ್ಕೂ ಟಿಕೆಟ್ಟಾ?” ಎಂದರು. ಬೆಳಿಗ್ಗೆ ಮಗನ ಶೂ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟರು.

ಹತ್ತುವಾಗ ಗೈಡ್ ದಾರಿಯಲ್ಲಿ ಬಿದ್ದಿದ್ದ ಕರಡಿಯ ಹಿಕ್ಕೆ ತೋರಿಸಿ, ಯಾರೂ ದಾರಿ ಬಿಟ್ಟು ಹೋಗಬೇಡಿ ಎಂದಿದ್ದ. ಇಳಿಯುವಾಗ ನನ್ನ ಶೂ ಒಳಗೆ ಮುಳ್ಳು ಸೇರಿತು. ತೆಗೆಯಲು ಕೂತೆ. ಗುಂಪಿನ ಮಿಕ್ಕವರು ಸ್ವಲ್ಪ ಮುಂದಿದ್ದರು. “ನಾನು ಬಂಡಕಾಡ ಇರ್ತೀನಿ, ನಿಧಾನಕ್ಕೆ ಬಾಮ್ಮ” ಎಂದು ಅತ್ತೆ ಮೆಲ್ಲಗೆ ಇಳಿದು ಹೋದರು.

ನನ್ನ ಕಿವಿಗೆ ಬಿದ್ದದ್ದು ಬಂಡೆ, ಕಾಡು. ಪಾಪ, ಬಯಲಕಡೆಗೆ ಹೋಗಬೇಕಾಗಿರಬಹುದು ಎಂದುಕೊಂಡೆ. ಮುಳ್ಳು ತೆಗೆದು ಏಳುವಷ್ಟರಲ್ಲಿ ಮಂಜು ಕವಿದು ಪಕ್ಕದ ಗಿಡವೂ ಮಸುಕಾಯಿತು. ಮೊದಲೇ ಮಂಡಿನೋವಿನವರು, ಒಬ್ಬರೇ ಪೊದೆಗಳ ನಡುವೆ ಏನು ಮಾಡುತ್ತಾರೋ ಎಂದು ಗಾಬರಿಯಾಯಿತು. ದಾರಿ ಬಿಟ್ಟು ಕಾಡಿಗೇ ನುಗ್ಗಿದೆ. “ಅತ್ತೇ, ಅತ್ತೇ” ಎಂದು ಕೂಗಿದರೆ ಉತ್ತರವಿಲ್ಲ. ತಿರುಗಿ ನೋಡಿದರೆ ದಾರಿಯೂ ಇಲ್ಲ. ಕರಡಿ ನೆನಪಾಗಿ ಕೆಳಗೆ ಬಿದ್ದಿದ್ದ ಒಂದು ಕೋಲು ಎತ್ತಿಕೊಂಡೆ. ಅತ್ತೆಗೆ ಏನಾದರೂ ಆದರೆ ಮನೆಯಲ್ಲಿ ಏನೆಂದು ಹೇಳಲಿ?

ಎಲ್ಲಿಂದಲೋ ಅವರ ದನಿ ಕೇಳಿಸಿತು. “ತಲ್ಲೀ, ಯಾಡುಂಡಾವೇ?” ಎಲ್ಲಿದ್ದೀಯೆಂದು ಕೇಳುತ್ತಿದ್ದಾರೆಂಬುದು ಆ ದನಿಯಿಂದಲೇ ತಿಳಿಯಿತು.

“ಇಲ್ಲಿದೀನಿ ಅತ್ತೆ” ಎಂದು ಕಿರುಚಿದೆ.

“ಅಲ್ಲೇ ನಿಂತ್ಕೊ. ಗೈಡ್ ಜೊತೆ ಬರ್ತಿದೀನಿ. ಏನಾದ್ರೂ ಮಾತಾಡ್ತಾ ಇರು, ದನಿ ಹಿಡ್ಕೊಂಡು ಬರ್ತೀವಿ.”

ನಾನು ಹೇಳಿಕೇಳಿ ವಾಚಾಳಿ. ಆಗ ಮಾತ್ರ ಏನು ಹೇಳಬೇಕೆಂದೇ ತೋಚಲಿಲ್ಲ. ಮುಳ್ಳಿನ ವಿಷಯ ಹೇಳಿದೆ. ಬೆಳಿಗ್ಗೆ ಚಟ್ನಿಗೆ ಎರಡು ಸಲ ಉಪ್ಪು ಹಾಕಿದ್ದು ನಾನೇ ಎಂದೆ. ಅಲ್ಲಿಗೆ ಸರಕು ಮುಗಿಯಿತು.

“ನಿಲ್ಲಿಸ್ಬೇಡಮ್ಮ, ಹೇಳು.”

ಎದುರಿಗೆ ಮುಖ ಕಾಣುತ್ತಿರಲಿಲ್ಲವಲ್ಲ, ಒಳಗಿದ್ದದ್ದು ಬಾಯಿಗೆ ಬಂದುಬಿಟ್ಟಿತು. “ಊಟಕ್ಕೆ ಕೂತಾಗ ನೀವೆಲ್ಲ ತೆಲುಗಲ್ಲಿ ಮಾತಾಡಿ ನಗ್ತೀರ ಅತ್ತೆ. ನಾನೂ ನಗ್ತೀನಿ. ಯಾಕೆ ಅಂತ ನಂಗೇ ಗೊತ್ತಿರಲ್ಲ. ಆಮೇಲೆ ಅಡುಗೆಮನೆಗೆ ಹೋದ್ರೆ ಅಳು ಬರುತ್ತೆ. ನಮ್ಮಮ್ಮನ ಮನೆಗೆ ಹೋಗ್ಬೇಕು ಅನ್ಸುತ್ತೆ.”

ಮಂಜಿನ ಕಡೆಯಿಂದ ತರಗೆಲೆಯ ಸದ್ದು ಕೇಳಿಸಿತು. ಗೈಡ್ ಹಿಂದೆ ಅತ್ತೆ ಏದುಸಿರು ಬಿಡುತ್ತ ಬಂದರು. ನನ್ನ ಕೈ ಗಟ್ಟಿಯಾಗಿ ಹಿಡಿದು, ಕೂದಲಿಗೆ ಅಂಟಿದ್ದ ಮುಳ್ಳುಕಾಯಿ ಬಿಡಿಸಿದರು. “ತೆಲುಗಲ್ಲಿ ಬಂಡಕಾಡ ಅಂದ್ರೆ ಬಂಡೆ ಹತ್ರ ಕಣಮ್ಮ. ಅಲ್ಲೇ ಕೆಳಗೆ ಕೂತಿದ್ದೆ” ಎಂದರು. ಗೈಡ್ ನಗು ತಡೆದುಕೊಂಡ. ನಾನು ಹೇಳಿದ ಉಳಿದ ಮಾತಿನ ಬಗ್ಗೆ ಅವರು ತುಟಿ ಬಿಚ್ಚಲಿಲ್ಲ. ಸುಮ್ಮನಿರಬಾರದಿತ್ತೇ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಆಫೀಸಿನ ಯಾವುದೋ ತಮಾಷೆಯನ್ನು ತೆಲುಗಿನಲ್ಲಿ ಶುರು ಮಾಡಿದರು. ಸಾರು ಬಡಿಸುತ್ತಿದ್ದ ಅತ್ತೆ, “ಕನ್ನಡದಲ್ಲಿ ಹೇಳಪ್ಪ. ಅವಳೂ ನಗಬೇಕು” ಎಂದರು.

ಅವರು ಮೊದಲಿನಿಂದ ಹೇಳಿದರು. ನಿಜ ಹೇಳಬೇಕೆಂದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ನಾನು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಕಿವಿಗೆ ಬಿದ್ದೂ ಬಿದ್ದೂ ಈಗ ನನಗೆ ತೆಲುಗು ಪೂರ್ತಿ ಅರ್ಥವಾಗುತ್ತದೆ. ಆದರೂ ನಾನು ಬಂದು ಕೂತ ತಕ್ಷಣ ಅತ್ತೆ ಇವತ್ತಿಗೂ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾರೆ. ಅದೆಷ್ಟು ಹಿತವಾಗಿರುತ್ತದೆಂದರೆ, ನನಗೆ ತೆಲುಗು ಬರುತ್ತದೆಂದು ಅವರಿಗೆ ಇನ್ನೂ ಹೇಳಿಲ್ಲ.